ಎಳೆಗಾಯಿಗೆ ಬೆರಳು

ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಕಾಫಿ ಲೋಟ ಹಿಡಿದುಕೊಂಡೇ ಹಿತ್ತಲಿಗೆ ಬಂದರು. ಬಂದವರು ಸುಮ್ನೆ ನೋಡಿಕೊಂಡು ಹೋಗಬಾರದೇ? ಸೋರೆ ಚಪ್ಪರದ ಕೆಳಗೆ ನಿಂತು, ತೋರುಬೆರಳನ್ನು ನೆಟ್ಟಗೆ ಚಾಚಿ, "ಅಲ್ಲೊಂದು, ಇಲ್ಲೊಂದು, ಓ ಅಲ್ಲೆರಡು" ಎಂದು ಎಣಿಸತೊಡಗಿದರು. ಇನ್ನೂ ಹೆಬ್ಬೆರಳಷ್ಟೂ ಆಗದ ಹೀಚುಗಳು. ಮೈಮೇಲೆ ಬಿಳಿ ನವಿರು, ತುದಿಯಲ್ಲಿ ಬಾಡಿದ ಹೂವು ಅಂಟಿಕೊಂಡೇ ಇದೆ. ಅವಕ್ಕೆ ನೇರವಾಗಿ ಬೆರಳು! "ಬನ್ನಿ, ಬೋಂಡ ಆರಿಹೋಗುತ್ತೆ" ಎಂದು ಒಳಗೆ ಎಳೆದುಕೊಂಡು ಬಂದೆ. ಬೋಂಡ ಇನ್ನೂ ಬಾಣಲೆಗೇ ಬಿದ್ದಿರಲಿಲ್ಲ.

ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ. ಹಿತ್ತಲಿದ್ದ ಮನೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತೋರಿಸಲೇಬೇಕಿದ್ದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ನಮ್ಮಜ್ಜಿ ಈ ವಿಷಯದಲ್ಲಿ ಬಲು ಬಿಗಿ. ಊರಿಗೆ ಹೊಸದಾಗಿ ಬಂದಿದ್ದ ಪೋಸ್ಟ್‌ಮ್ಯಾನ್ ಒಮ್ಮೆ, ಮೇಷ್ಟರ ಮನೆ ಯಾವುದು ಎಂದು ಕೇಳಿದ. ಮನೆ ಅಲ್ಲೇ ಕಾಣುತ್ತಿತ್ತು. ಆದರೆ ನಡುವೆ ಬೇಲಿ ತುಂಬ ಕುಂಬಳ ಬಳ್ಳಿ, ಬಳ್ಳಿ ತುಂಬ ಹೀಚು. ಅಜ್ಜಿ ಗದ್ದ ಎತ್ತಿ "ಅಲ್ಲೇ" ಎಂದಳು. ಅವನು ಮೇಲೆ ನೋಡಿದ. ಬೆರಳು ಮಡಚಿ ತೋರಿಸಿದಳು. ಮಡಚಿದ ಬೆರಳಿನ ತುದಿ ಅವಳ ಕಡೆಗೇ ತಿರುಗಿತ್ತಲ್ಲ, "ಓ, ಇದೇ ಮನೆಯಾ?" ಎಂದು ಕಾಗದವನ್ನು ಅವಳ ಕೈಗೇ ಕೊಡಲು ಬಂದ. ಕಡೆಗೆ ಅಜ್ಜಿ ಅವನನ್ನು ಕರೆದುಕೊಂಡು ಬೇಲಿ ಸುತ್ತಿ, ಕೊಟ್ಟಿಗೆ ದಾಟಿ, ಕುಂಬಳ ಬೆನ್ನ ಹಿಂದೆ ಬರುವ ಹಾಗೆ ನಿಲ್ಲಿಸಿ, ಆಮೇಲೆ ಧೈರ್ಯವಾಗಿ ಬೆರಳು ಚಾಚಿದಳು. ಅಷ್ಟರಲ್ಲಿ ತೆರೆದ ತಡಿಕೆಯಿಂದ ಕರು ನುಗ್ಗಿ ಹರಿವೆ ಮಡಿಯನ್ನು ಬುಡದವರೆಗೂ ಮೇಯ್ದಿತ್ತು. ತಡಿಕೆ ಹಾಕದೆ ಬಂದವಳು ತಾನೇ ಎಂಬುದನ್ನು ಅಜ್ಜಿ ಕೊನೆಯವರೆಗೂ ಒಪ್ಪಲಿಲ್ಲ. ಪೋಸ್ಟ್‌ಮ್ಯಾನನ ಕಣ್ಣು ಸರಿಯಿಲ್ಲ ಎಂದು ತೀರ್ಪಾಯಿತು. ಪಾಪ, ಅವನು ಆ ಊರಲ್ಲಿ ಇದ್ದಷ್ಟು ದಿನವೂ ಅವನು ಬಂದಾಗ ನಮ್ಮ ಬಳ್ಳಿಗೆ ಹಳೆ ಚಪ್ಪಲಿ ನೇತಾಡುತ್ತಿತ್ತು. ಅವನಿಗೆ ಮಜ್ಜಿಗೆ ಮಾತ್ರ ತಪ್ಪದೆ ಸಿಗುತ್ತಿತ್ತು, ಅದು ಬೇರೆ ಲೆಕ್ಕ.

ಹೀಚು ಹಾಳಾಗುವ ನಿಜವಾದ ಕಾರಣ ನನಗೆ ಗೊತ್ತಿಲ್ಲ ಅಂತಲ್ಲ. ಸೋರೆ ಹೂ ಬಿಡುವುದೇ ಸಂಜೆ. ಜೇನುಹುಳಗಳು ಗೂಡು ಸೇರುವ ಹೊತ್ತು. ರಾತ್ರಿ ಚಿಟ್ಟೆ ಬಂದರೆ ಬಂತು, ಇಲ್ಲದಿದ್ದರೆ ಹೀಚು ಹಳದಿ ತಿರುಗಿ ಉದುರುತ್ತದೆ. ಅದಕ್ಕೇ ನಾನು ಸಂಜೆ ಏಣಿ ಹತ್ತಿ, ಗಂಡು ಹೂವಿನ ಎಸಳು ಕಿತ್ತು, ಒಳಗಿನ ಪರಾಗವನ್ನು ಮುತ್ತೈದೆ ಹಣೆಗೆ ಕುಂಕುಮ ಇಟ್ಟ ಹಾಗೆ ಹೆಣ್ಣು ಹೂವಿಗೆ ಮುಟ್ಟಿಸುತ್ತೇನೆ. ಇಷ್ಟಾದ ಮೇಲೂ ಮಳೆಗಾಲದಲ್ಲಿ ಹಣ್ಣುನೊಣ ಬಂದು ಎಳೆ ಸಿಪ್ಪೆಗೆ ಸೂಜಿ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದಲ್ಲಿ ಅಂಟು ಒಸರಿ, ಕಾಯಿ ಸೊಟ್ಟಗಾಗಿ, ಒಳಗೆ ಹುಳ. ಬಲೆ ಕೇಳಿದರೆ ಅಂಗಡಿಯವನು ಮಾವಿನ ನೊಣವನ್ನು ವಾಸನೆಯಿಂದ ಸೆಳೆಯುವ ಬಿಲ್ಲೆ ಕೊಟ್ಟು ಕಳಿಸಿದ್ದ. ಮಾವಿಗೆ ಮಿಥೈಲ್ ಯುಜಿನಾಲ್, ಸೋರೆ-ಹೀರೆಗೆ ಕ್ಯೂಲ್ಯೂರ್. ಸೋರೆಯ ನೊಣ ಮಾವಿನ ಬಿಲ್ಲೆಯತ್ತ ತಿರುಗಿಯೂ ನೋಡುವುದಿಲ್ಲ. ಸರಿಯಾದ ಬಿಲ್ಲೆ ತಂದರೂ ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಮೊಟ್ಟೆ ಇಡುವವಳು ಆರಾಮಾಗಿ ಓಡಾಡಿಕೊಂಡಿರುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ, ನೆಂಟರು ಹೋದ ಮೇಲೆ ಎರಡು ಹೀಚು ಹಳದಿ ತಿರುಗಿದಾಗ ನನಗೆ ನೊಣ ನೆನಪಾಗಲಿಲ್ಲ. ಅವರ ಉಂಗುರದ ಸಮೇತ ಆ ಬೆರಳೇ ಕಣ್ಣಿಗೆ ಬಂತು.

ಋತುಗಳ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ರೋಹಿಣಿ ಮಳೆಗೆ ಏನು ಬಿತ್ತಬೇಕು, ಆರಿದ್ರೆಗೆ ಏನು, ಅದರಿಂದ ಮನುಷ್ಯ ಕಲಿಯಬೇಕಾದ ತಾಳ್ಮೆ, ಹೀಗೆ. ತಾಳ್ಮೆ ಕಲಿಯಲು ಜನ ಬಿಡಬೇಕಲ್ಲ. ಬೇಸಿಗೆಯಲ್ಲಿ ಬಂದವರು ಇನ್ನೂ ಹೂವೇ ಬಿಡದ ಪಪ್ಪಾಯಿ ಗಿಡ ನೋಡಿ, "ಇದು ಗಂಡು ಕಣ್ರೀ, ಕಡಿದುಹಾಕಿ" ಎಂದರು. ಪಪ್ಪಾಯಿ ಹೂ ಬಿಡುವ ತನಕ ಗಂಡೋ ಹೆಣ್ಣೋ ನೋಡಿ ಹೇಳಲು ಯಾರಿಗೂ ಬರುವುದಿಲ್ಲ. ಅವರಿಗೆ ಬರುತ್ತದೆ. ಮಳೆಗಾಲದಲ್ಲಿ ಬಂದವರು, ದೇವರಾಜ ಮಾರ್ಕೆಟ್ಟಿನಲ್ಲಿ ಇದೇ ಸೋರೆಕಾಯಿ ಎಷ್ಟಕ್ಕೆ ಸಿಗುತ್ತದೆ ಎಂದು ನನಗೆ ಲೆಕ್ಕ ಹೇಳಿದರು. ಅವರೂ ಹೋಗುವಾಗ ಎರಡು ಕೇಳಿ ತೆಗೆದುಕೊಂಡು ಹೋದರು, ಇರಲಿ.

ಜಾಸ್ತಿ ಸಿಟ್ಟು ಬರುವುದು ಮೇ ತಿಂಗಳಲ್ಲಿ "ಅವರೆ ಹಾಕಿಲ್ವಾ?" ಎಂದು ಕೇಳುವವರ ಮೇಲೆ. ಹಳೆಯ ನಾಟಿ ಅವರೆ ಮಳೆಗಾಲದಲ್ಲೇ ಬಳ್ಳಿ ಹಬ್ಬಿಸಿಕೊಂಡು ಕೂತಿರುತ್ತದೆ. ಹಗಲು ಗಿಡ್ಡವಾಗುವ ತನಕ ಹೂವಿನ ಮಾತೇ ಇಲ್ಲ. ಡಿಸೆಂಬರ್ ಹೊತ್ತಿಗೆ ಕಾಯಿ ಬಲಿತು, ಮುಟ್ಟಿದರೆ ಕೈಗೆ ಸೊಗಡು ಹತ್ತಬೇಕು. ಈಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4 (ಹೆಬ್ಬಾಳ ಅವರೆ) ತಳಿಗಳು ಹಗಲು ಉದ್ದವೋ ಗಿಡ್ಡವೋ ಎಂದು ನೋಡುವುದಿಲ್ಲ, ವರ್ಷವಿಡೀ ಬೆಳೆಯಬಹುದು. ರೈತರಿಗೆ ಒಳ್ಳೆಯದೇ, ಬೇಡ ಅನ್ನಲು ನಾನ್ಯಾರು? ಆದರೆ ಸೆಕೆಯಲ್ಲಿ ಫ್ಯಾನ್ ಹಾಕಿಕೊಂಡು ಹಿತಕಿದಬೇಳೆ ಸಾರು ಉಣ್ಣುವುದು ನನ್ನಿಂದಾಗದು.

ಡಿಸೆಂಬರಿಗೆ ಬನ್ನಿ ಎಂದರೆ ಎಲ್ಲರೂ ಬರುತ್ತಾರೆ. ಸರಿಯಾಗಿ ಊಟದ ಹೊತ್ತಿಗೆ. ಹಿಂದಿನ ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಟೀವಿ ಮುಂದೆ ಕೂತು ಒಂದೊಂದೇ ಹಿತುಕುವವರು ನಾನು ಮತ್ತು ನನ್ನ ಹೆಂಡತಿ. ಜಾರಿದ ಬೇಳೆ ಸೋಫಾ ಕೆಳಗೆ ಹೋಯಿತು, ಇರುವೆ ಬರುತ್ತೆ ಎಂದು ಅವಳ ತಕರಾರು. ತೆಗೆಯಲು ಪೊರಕೆ ಕೇಳಿದರೆ ಅದೂ ಹಿತ್ತಲಲ್ಲೇ ಇದೆಯಂತೆ.