ಹಿಂದಿಯ ಮನೆಯಲ್ಲಿ ಬಾಡಿಗೆಗಿರುವ ಸಮಾಜಸೇವೆ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿ ಪ್ರಕಟವಾದ ದಿನ ಎಲ್ಲರೂ ಗಣಿತ ಯಾವತ್ತು, ವಿಜ್ಞಾನ ಯಾವತ್ತು, ನಡುವೆ ಎಷ್ಟು ರಜೆ ಎಂದು ನೋಡುತ್ತಾರೆ. ನಾನು ತೃತೀಯ ಭಾಷೆಯ ದಿನವನ್ನೇ ಹುಡುಕಿ ಓದುತ್ತೇನೆ, ಏಕೆಂದರೆ ಇಡೀ ಪಟ್ಟಿಯಲ್ಲಿ ಹಾಸ್ಯಪ್ರಜ್ಞೆ ಇರುವುದು ಆ ಒಂದು ಸಾಲಿಗೆ ಮಾತ್ರ. ಹಿಂದಿ, ಸಂಸ್ಕೃತ, ಉರ್ದು, ಅರೇಬಿಕ್, ಕೊಂಕಣಿ, ತುಳು ಎಂದು ಗಂಭೀರವಾಗಿಯೇ ಹೊರಡುವ ಸಾಲು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಎಂಬ ವೃತ್ತಿ ಶಿಕ್ಷಣದ ತಿರುವಿನಲ್ಲಿ ಥಟ್ಟನೆ ಹೊರಳಿ, ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೆಲ್ತ್‌ಕೇರ್ ಎಂದು ಮುಂದುವರಿಯುತ್ತದೆ. ವರ್ಷದಿಂದ ವರ್ಷಕ್ಕೆ ಒಂದೆರಡು ಹೆಸರು ಬದಲಾದರೂ ಏರ್ಪಾಡು ಬದಲಾಗಿಲ್ಲ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಯಲ್ಲಿ ರೋಗಿಯ ಆರೈಕೆ ಎನ್ನುವುದು ಹಿಂದಿಗೆ ಪರ್ಯಾಯವಾದ ವಿಷಯ. ಸಂಸ್ಕೃತವೂ ಬೇಕು, ಪ್ರಥಮ ಚಿಕಿತ್ಸೆಯೂ ಬೇಕು ಎನ್ನುವ ಅತಿಯಾಸೆಯ ಮಗುವಿಗೆ ಇಲ್ಲಿ ಜಾಗವಿಲ್ಲ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ಸಮಾಜಕ್ಕೆ ಉಪಯೋಗವಾಗುವ ಒಂದು ಕಸುಬು ಕಲಿಸಬೇಕೆಂದು ನಿರ್ಧರಿಸಿದ ಮೇಲೆ ಅದಕ್ಕೆ ವೇಳಾಪಟ್ಟಿಯಲ್ಲಿ ಸ್ವಂತದ್ದೊಂದು ಅವಧಿ ಕೊಡಬಹುದಾಗಿತ್ತು. ಅದರ ಬದಲು ತೃತೀಯ ಭಾಷೆಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಕೂರಿಸಲಾಯಿತು. ಈಗ ಆ ಮನೆಗೇ ಗಂಡಾಂತರ ಬಂದಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿ, ಎರಡು ಭಾಷೆ ಸಾಕು ಎಂದು ಶಿಫಾರಸು ಮಾಡಿತು. ಆ ಕ್ಷಣದಿಂದ ಹಿಂದಿ ಬೇಕೆನ್ನುವವರು, ಬೇಡವೆನ್ನುವವರು, ತುಳುವಿನ ಗತಿಯೇನು ಎನ್ನುವವರು ಎಲ್ಲರೂ ಟಿವಿಯಲ್ಲಿ ಕೂತು ಗಂಟಲು ಹರಿದುಕೊಂಡರು. ಹಿಂದಿನ ಕೋಣೆಯಲ್ಲಿ ಬಿ.ಪಿ. ನೋಡಲು ಕಲಿಯುತ್ತಿದ್ದ ಹುಡುಗಿಯ ಗತಿಯೇನು ಎಂದು ಕೇಳಿದವರನ್ನು ನಾನಂತೂ ಕಾಣಲಿಲ್ಲ.

ಸರ್ಕಾರದ ಶ್ರದ್ಧೆಯನ್ನು ಮಾತ್ರ ಯಾರೂ ಪ್ರಶ್ನಿಸುವಂತಿಲ್ಲ. ಕೈಕೆಲಸದ ಮೂಲಕ ಶಿಕ್ಷಣ ಎಂದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದರು, ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ಬರೆಯಿತು. 1952–53ರ ಮುದಲಿಯಾರ್ ಆಯೋಗ ಬಹೂದ್ದೇಶ ಶಾಲೆಗಳನ್ನು ಬಯಸಿತು, 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಬಯಸಿತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಬಯಸಿತು. ನಮ್ಮ ಪಿಯು ಕಾಲೇಜುಗಳಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸುಗಳು ಬಂದು, ಬಾಗಿಲು ಮುಚ್ಚಿ, ಅವುಗಳ ಅರೆಕಾಲಿಕ ಉಪನ್ಯಾಸಕರು ವರ್ಷಗಟ್ಟಲೆ ಹೋರಾಡಿದರು. 2013ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ದಕ್ಷಿಣ ಕೊರಿಯಾದಲ್ಲಿ ಶೇ 96, ಜರ್ಮನಿಯಲ್ಲಿ ಶೇ 75 ಮಂದಿಗೆ ವೃತ್ತಿ ಶಿಕ್ಷಣ ಸಿಕ್ಕಿದ್ದರೆ ನಮ್ಮಲ್ಲಿ 19ರಿಂದ 24ರ ವಯಸ್ಸಿನ ದುಡಿಯುವವರಲ್ಲಿ ಶೇ 5ಕ್ಕಿಂತಲೂ ಕಡಿಮೆ ಎಂದು ಮರುಗಿ, 2025ರೊಳಗೆ ಕನಿಷ್ಠ ಶೇ 50 ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು ಗುರಿ ಹಾಕಿತು. 2025 ಬಂದು ಹೋಯಿತು. ಎಂಬತ್ತೆಂಟು ವರ್ಷಗಳಲ್ಲಿ ಹೆಸರು ಇಡುವ ಕೌಶಲವೊಂದನ್ನಂತೂ ನಾವು ಪೂರ್ಣವಾಗಿ ಕರಗತ ಮಾಡಿಕೊಂಡಿದ್ದೇವೆ.

ಹೆಲ್ತ್‌ಕೇರ್ ಪಠ್ಯವನ್ನು ತೆರೆದು ನೋಡಿದರೆ ಅದು ನಿಜಕ್ಕೂ ಒಳ್ಳೆಯ ಪಠ್ಯ. ಆರೋಗ್ಯ ಸೇವೆಯ ಹಂತಗಳು, ರೋಗಿಯ ಸಹಾಯಕರ ಕರ್ತವ್ಯ, ವೈಯಕ್ತಿಕ ಸ್ವಚ್ಛತೆ, ಲಸಿಕೆ, ಪ್ರಥಮ ಚಿಕಿತ್ಸೆ, ಕೆಲಸದ ಸ್ಥಳದಲ್ಲಿ ಮಾತುಕತೆ ಎಲ್ಲವೂ ಅಲ್ಲಿದೆ. ನನಗೆ ವಿಶೇಷ ಪ್ರೀತಿ ಇರುವುದು ಹಾಸಿಗೆ ಸಿದ್ಧಪಡಿಸುವ ಪಾಠದ ಮೇಲೆ. ಖಾಲಿ ಹಾಸಿಗೆಯನ್ನು ಸಿದ್ಧಪಡಿಸುವ ಕ್ರಮ ಒಂದು, ರೋಗಿ ಮಲಗಿರುವಾಗಲೇ ಅವರನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಚಾದರವನ್ನು ಉದ್ದಕ್ಕೆ ಸುರುಳಿ ಸುತ್ತಿ ಬೆನ್ನಿನ ಹತ್ತಿರ ತಂದು, ಹೊಸದನ್ನು ಹಾಸಿ, ಮತ್ತೆ ಈ ಮಗ್ಗುಲಿಗೆ ಹೊರಳಿಸಿ ಬದಲಾಯಿಸುವ ಕ್ರಮ ಇನ್ನೊಂದು. ಸುಕ್ಕು ಉಳಿದರೆ ಬೆನ್ನಿಗೆ ಹುಣ್ಣಾಗುತ್ತದೆ. ಇದು ಸಣ್ಣ ವಿದ್ಯೆಯಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇರುವವರಿಗೆ ಇದರ ಬೆಲೆ ಗೊತ್ತು. ಆದರೆ ಈ ವಿದ್ಯೆ ಕಲಿಯುವ ಶಾಲೆಯಲ್ಲಿ ಮಂಚ ಇರುವುದಿಲ್ಲ. ಎರಡು ಬೆಂಚುಗಳನ್ನು ಜೋಡಿಸಿ ತರಗತಿಯ ಅತಿ ಸಣಕಲು ಹುಡುಗನನ್ನು ರೋಗಿಯೆಂದು ಮಲಗಿಸುತ್ತಾರೆ, ಅವನು ನಗು ತಡೆಯಲಾರದೆ ಕುಲುಕುತ್ತಾನೆ, ಚಾದರ ಯಾರದೋ ಮನೆಯಿಂದ ಬಂದಿರುತ್ತದೆ. ಬಿ.ಪಿ. ಉಪಕರಣವು ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನಲ್ಲಿ ಸ್ಟಾಕ್ ರಿಜಿಸ್ಟರಿನ ಪಕ್ಕದಲ್ಲಿ ಸುರಕ್ಷಿತವಾಗಿರುತ್ತದೆ, ಏಕೆಂದರೆ ಅದು ಕೆಟ್ಟರೆ ಉತ್ತರ ಹೇಳಬೇಕಾದವರು ಅವರು. ಇಷ್ಟೆಲ್ಲ ಕಲಿತು ಕ್ಷೇತ್ರ ಭೇಟಿಗೆಂದು ಸರ್ಕಾರಿ ಆಸ್ಪತ್ರೆಗೆ ಹೋದ ಮಕ್ಕಳಿಗೆ, ಅಲ್ಲಿ ಚಾದರವನ್ನು ರೋಗಿಯ ಕಡೆಯವರೇ ಮನೆಯಿಂದ ತರುವುದು ಕಾಣಿಸುತ್ತದೆ. ಆ ಮಟ್ಟಿಗೆ ಶಾಲೆಯ ತರಬೇತಿ ವಾಸ್ತವಕ್ಕೆ ಬಹಳ ಹತ್ತಿರವಾಗಿದೆ ಎಂದು ಒಪ್ಪಬೇಕು.

ಕಲಿಸುವವರು ಯಾರು ಎಂದು ಕೇಳಿದರೆ ಅದೂ ಒಂದು ಪಾಠವೇ. ಶಾಲೆಯಲ್ಲಿ ಕಲಿಸುವ, ಆದರೆ ಶಾಲೆಯವರಲ್ಲದ, ಏಜೆನ್ಸಿಯ ಮೂಲಕ ಬಂದ ಹೊರಗುತ್ತಿಗೆಯ ತರಬೇತುದಾರರು ಇವರು. ಸಂಬಳ ತಡವಾದಾಗ ಶಾಲೆ ಇಲಾಖೆಯತ್ತ, ಇಲಾಖೆ ಏಜೆನ್ಸಿಯತ್ತ, ಏಜೆನ್ಸಿ ಬಿಡುಗಡೆಯಾಗದ ಅನುದಾನದತ್ತ ಬೆರಳು ತೋರಿಸುತ್ತದೆ. ಟೆಂಡರ್ ಮುಗಿದರೆ ಕೆಲಸವೂ ಮುಗಿಯಿತು. ಉದ್ಯೋಗ ಪಡೆಯುವ ಕೌಶಲ ಎಂಬ ಅಧ್ಯಾಯವನ್ನು ಮಕ್ಕಳಿಗೆ ಬೋಧಿಸುವುದೂ ಇವರೇ.

ಕಲಿತವರಿಗೆ ಮುಂದಿನ ದಾರಿ ಕೂಡ ಸ್ಪಷ್ಟವಾಗಿದೆ, ಅಂದರೆ ಇಲ್ಲ. ಹದಿನೈದರ ಹುಡುಗಿಯನ್ನು ಯಾವ ಆಸ್ಪತ್ರೆಯೂ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಲೂ ಬಾರದು. ಅದೇ ವಿಷಯವನ್ನು ಮುಂದುವರಿಸುವ ಪಿಯು ಕಾಲೇಜು ಬಸ್ಸು ಹೋಗುವಷ್ಟು ದೂರದಲ್ಲಿ ಇದ್ದರೆ ಅದು ಆಕೆಯ ಪೂರ್ವಪುಣ್ಯ. ಇತ್ತ ನಗರದ ದುಬಾರಿ ಶಾಲೆಗಳಲ್ಲಿಯೂ ಸಮುದಾಯ ಸೇವೆ ಇದೆ. ಅಲ್ಲಿ ಅದರ ಅರ್ಥ ವರ್ಷಕ್ಕೊಮ್ಮೆ ವೃದ್ಧಾಶ್ರಮಕ್ಕೆ ಬಸ್ಸಿನಲ್ಲಿ ಹೋಗಿ, ಬಿಸ್ಕತ್ತು ಹಂಚಿ, ಅಜ್ಜಿಯೊಬ್ಬರ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡು, ಅದನ್ನು ವಿದೇಶದ ವಿಶ್ವವಿದ್ಯಾಲಯದ ಅರ್ಜಿಗೆ ಲಗತ್ತಿಸುವುದು. ಒಂದು ಮಗುವಿಗೆ ಸೇವೆ ಎಂಬುದು ಅರ್ಜಿಯ ಅಲಂಕಾರ, ಇನ್ನೊಂದು ಮಗುವಿಗೆ ಅದು ಜೀವನೋಪಾಯವಾಗಲಿ ಎಂದು ನಾವು ಒಂಬತ್ತನೆಯ ತರಗತಿಯಲ್ಲಿಯೇ ತೀರ್ಮಾನಿಸಿದ್ದೇವೆ.

ಯಾವ ಪಠ್ಯವೂ, ತರಬೇತುದಾರರೂ, ಮೌಲ್ಯಮಾಪನವೂ ಇಲ್ಲದೆ ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿರುವ ಸಮುದಾಯ ಸೇವೆಯ ಪ್ರಾಯೋಗಿಕ ತರಗತಿಯೊಂದಿದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಎಲ್ಲರಿಗೂ ನೆನಪಿರಬೇಕು. ಅದೇ ತಿಂಗಳು ಬೆಂಗಳೂರಿನ ಸರ್ಕಾರಿ ಶಾಲೆಯೊಂದರಲ್ಲಿ ಮಕ್ಕಳು ಶೌಚಾಲಯ ತೊಳೆಯುವ ದೃಶ್ಯವೂ ಹೊರಬಂತು. ಅಮಾನತು ಆಯಿತು, ಬಂಧನ ಆಯಿತು, ಸುತ್ತೋಲೆ ಹೊರಟಿತು. ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಗೆ ಆಗ ಹತ್ತು ವರ್ಷ ತುಂಬಿತ್ತು. ಇದನ್ನು ಹೇಗೆ ವಿಡಂಬನೆ ಮಾಡಬೇಕೋ ನನಗೆ ತಿಳಿಯದು, ಮಾಡುವ ಮನಸ್ಸೂ ಇಲ್ಲ. ಶೌಚಾಲಯ ತೊಳೆಯಲು ಒಬ್ಬರನ್ನು ನೇಮಿಸಿ, ಕೈಗವಸು ಕೊಟ್ಟು, ತಿಂಗಳಿಗೆ ಸರಿಯಾದ ಸಂಬಳ ಕೊಡಲಾರದ ವ್ಯವಸ್ಥೆಯು ಸುತ್ತೋಲೆಯ ಕಾಗದಕ್ಕೆ ಖರ್ಚು ಮಾಡುತ್ತದೆ, ಮತ್ತು ಆ ಗುಂಡಿಗೆ ಇಳಿದ ಮಕ್ಕಳು ಯಾವ ಜಾತಿಯವರೆಂದು ಯಾರೂ ಹೇಳದೆಯೇ ನಮಗೆಲ್ಲರಿಗೂ ಗೊತ್ತಿರುತ್ತದೆ.

ತರಬೇತಿ ಪಡೆದು, ವಯಸ್ಸೂ ತುಂಬಿ, ಊರಿನ ಸೇವೆಗೆ ನಿಂತವರನ್ನು ಸರ್ಕಾರ ಹೇಗೆ ನೋಡಿಕೊಳ್ಳುತ್ತದೆ ಎಂಬುದಕ್ಕೆ ಉದಾಹರಣೆ ಪ್ರತಿ ಹಳ್ಳಿಯಲ್ಲಿಯೂ ಇದೆ. ಅಂಗನವಾಡಿ ಶುರುವಾದದ್ದು 1975ರ ಗಾಂಧಿ ಜಯಂತಿಯಂದು. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದಿಂದ ಹೋದ ಪ್ರಕರಣದಲ್ಲಿಯೇ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ನ್ಯಾಯಾಲಯ ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಆಶಾ ಕಾರ್ಯಕರ್ತೆಯರಿಗೆ ಅದರ ಮರುತಿಂಗಳೇ ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಪ್ರಶಸ್ತಿ ಬಂತು, ನಾವೆಲ್ಲ ಎದೆಯುಬ್ಬಿಸಿದೆವು. 2025ರ ಜನವರಿಯ ಚಳಿಯಲ್ಲಿ ಅದೇ ಪ್ರಶಸ್ತಿ ಪುರಸ್ಕೃತರು ತಿಂಗಳಿಗೆ ಖಚಿತವಾದ ಗೌರವಧನ ಕೊಡಿ ಎಂದು ಫ್ರೀಡಂ ಪಾರ್ಕಿನ ರಸ್ತೆಯಲ್ಲಿ ರಾತ್ರಿ ಕಳೆದರು. ಹತ್ತು ಸಾವಿರ ರೂಪಾಯಿಯ ಭರವಸೆ ಸಿಕ್ಕಿತು. ಆಗಸ್ಟ್‌ನಲ್ಲಿ, ಆ ಭರವಸೆ ಎಲ್ಲಿ ಎಂದು ಕೇಳಲು ಮತ್ತೆ ಬೀದಿಗೆ ಬಂದರು. ಹೆಲ್ತ್‌ಕೇರ್ ಪಠ್ಯದಲ್ಲಿ ಸಮುದಾಯದ ಆರೋಗ್ಯದ ಪಾಠ ಮಾಡುವಾಗ ಇವರನ್ನು ಅತಿಥಿ ಉಪನ್ಯಾಸಕ್ಕೆ ಕರೆಯಬಹುದು. ಬೇಡಿಕೆಗಳ ಪಟ್ಟಿ ಸದಾ ಅವರ ಕೈಚೀಲದಲ್ಲಿಯೇ ಇರುತ್ತದೆ.

ನನಗೆ ಪರಿಚಯವಿರುವ ಒಬ್ಬ ಆಶಾ ಕಾರ್ಯಕರ್ತೆಯ ಮಗಳು ಎಂಟು ಮುಗಿಸಿ ಒಂಬತ್ತಕ್ಕೆ ಬಂದಾಗ, ವಿಷಯ ಆಯ್ಕೆಯ ಫಾರಂ ಹಿಡಿದ ಮೇಷ್ಟ್ರು, “ನಿಮ್ಮ ಹುಡುಗಿಗೆ ಹೆಲ್ತ್‌ಕೇರ್ ಸುಲಭ ಕಣಮ್ಮ, ಮನೇಲೇ ಎಲ್ಲ ನೋಡಿರ್ತಾಳೆ” ಎಂದರಂತೆ.

“ನೋಡಿದಾಳೆ ಸಾರ್. ಅದಕ್ಕೇ ಬೇಡ ಅಂತ ಕೂತಿದಾಳೆ” ಎಂದು ತಾಯಿ ಫಾರಂಗೆ ಸಹಿ ಹಾಕಿ, ಲಸಿಕೆಯ ಪಟ್ಟಿ ತೆಗೆದುಕೊಂಡು ಮುಂದಿನ ಮನೆಗೆ ಹೊರಟರು.