ಅಗ್ಗದ ಸರಣಿ ಹೋಟೆಲಿನಲ್ಲಿ ಸೇವೆ ಕೆಟ್ಟರೆ ದೂರು ಕೊಡಬೇಕೇ?

ಪರ: ಕೊಡಬೇಕು, ಅದೂ ಹಾಸಿಗೆ ಮುಟ್ಟುವ ಮೊದಲೇ

ಕಡಿಮೆ ಬಾಡಿಗೆ ಕೊಟ್ಟವರು ಸುಮ್ಮನಿರಬೇಕು ಎಂಬ ಭಾವನೆ ತಂಗಲು ಬರುವವರಲ್ಲೇ ಬೇರೂರಿದೆ. ಬಾಡಿಗೆ ಕಡಿಮೆಯಾದದ್ದು ಯಾವುದರಿಂದ ಎಂದು ನೋಡಿದರೆ ಈ ಸಂಕೋಚ ಬೇಕಿಲ್ಲ. ಈಜುಕೊಳವಿಲ್ಲ, ಸಾಮಾನು ಹೊರುವವರಿಲ್ಲ, ರೂಮಿಗೆ ಊಟ ತಂದುಕೊಡುವವರಿಲ್ಲ, ರೂಮು ಚಿಕ್ಕದು. ರಿಯಾಯಿತಿ ಸಿಕ್ಕಿರುವುದು ಇವುಗಳ ಲೆಕ್ಕದಲ್ಲಿ. ಒಗೆದ ಬೆಡ್‌ಶೀಟು, ಬಿಸಿನೀರು, ಒಳಗಿನಿಂದ ಭದ್ರವಾಗುವ ಬಾಗಿಲು, ಕಟ್ಟಿಕೊಳ್ಳದ ಕಮೋಡು, ಇವನ್ನು ಯಾರೂ ರಿಯಾಯಿತಿಗೆ ಬಿಟ್ಟುಕೊಟ್ಟಿಲ್ಲ. ಇವು ಕೆಟ್ಟಿದ್ದರೆ ಹಣ ಕೊಟ್ಟ ವಸ್ತುವೇ ಕೈಗೆ ಬಂದಿಲ್ಲ ಎಂದರ್ಥ.

ದೂರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ರಾತ್ರಿ ಎಂಟಕ್ಕೆ ಹೇಳಿದರೆ ಖಾಲಿ ಇರುವ ಇನ್ನೊಂದು ರೂಮು ಕೊಡುವುದು ಹೋಟೆಲಿಗೆ ಸುಲಭ. ಆ ರಾತ್ರಿ ಮಾರಾಟವಾಗದ ರೂಮಿನ ಆದಾಯ ಹೇಗೂ ಹೋದಂತೆಯೇ. ಬೆಳಿಗ್ಗೆ ಹೇಳಿದರೆ ಎರಡು ರೂಮುಗಳೂ ಮುಗಿದ ಕಥೆ. ಉಳಿಯುವುದು ಹಣ ವಾಪಸು ಕೇಳುವ ಜಗ್ಗಾಟ ಮಾತ್ರ. ಹಾಗಾಗಿ ಕೀಲಿ ಕೈಗೆ ಬಂದ ಮೊದಲ ಹತ್ತು ನಿಮಿಷ ಪರಿಶೀಲನೆಗೆ ಮೀಸಲಿಡಬೇಕು. ಬ್ಯಾಗನ್ನು ಹಾಸಿಗೆಯ ಮೇಲಾಗಲಿ ಕಾರ್ಪೆಟ್ಟಿನ ಮೇಲಾಗಲಿ ಇಡದೆ ಬಚ್ಚಲುಮನೆಯ ಟೈಲ್ಸ್ ಮೇಲಿಡಿ. ತಲೆದೆಸೆಯ ಎರಡೂ ಮೂಲೆಗಳಲ್ಲಿ ಬೆಡ್‌ಶೀಟು ಎತ್ತಿ, ಮೊಬೈಲ್ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆಯ ಅಂಚು ನೋಡಿ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದ, ಕಂದು ಬಣ್ಣ, ಚಪ್ಪಟೆ. ತಿಗಣೆಯೇ ಕಣ್ಣಿಗೆ ಬೀಳದಿದ್ದರೂ ಹೊಲಿಗೆಯುದ್ದಕ್ಕೂ ಶಾಯಿ ಚುಕ್ಕೆಯಂಥ ಕಪ್ಪು ಕಲೆ, ಪೊರೆ ಕಳಚಿದ ಸಿಪ್ಪೆ ಸಿಕ್ಕರೆ ಸಾಕು. ಆಮೇಲೆ ಬಿಸಿನೀರಿನ ನಲ್ಲಿ ಮೂರು ನಿಮಿಷ ಬಿಡಿ, ಒಮ್ಮೆ ಫ್ಲಶ್ ಮಾಡಿ, ಬಾಗಿಲ ಚಿಲಕ ಹಾಕಿ ಎಳೆದು ನೋಡಿ, ಏಸಿ ಹಾಕಿ ಕಮಟು ವಾಸನೆ ಬರುತ್ತದೆಯೇ ಎಂದು ನೋಡಿ.

ಬಿಸಿನೀರಿನ ವಿಷಯವನ್ನು ಸೌಕರ್ಯದ ಮಾತು ಎಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು. ದೊಡ್ಡ ಕಟ್ಟಡಗಳ ಕೊಳಾಯಿಗಳಲ್ಲಿ ಬೆಳೆಯುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ 20ರಿಂದ 45 ಡಿಗ್ರಿ ಸೆಲ್ಸಿಯಸ್ ನೀರು ಹಿತ. ತುಂತುರಿನ ಮೂಲಕ ಅದು ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಬರಬಹುದು. ಅದಕ್ಕೇ ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿಗೆ ಇಡಬೇಕು ಎನ್ನುವುದು. ಎಷ್ಟು ಹೊತ್ತು ಬಿಟ್ಟರೂ ಉಗುರು ಬೆಚ್ಚಗೇ ಬರುವ ನೀರನ್ನು ಕಂಡೂ ಸುಮ್ಮನಿರುವುದು ಮುಂದೆ ಆ ರೂಮಿಗೆ ಬರುವ ವಯಸ್ಸಾದವರ ದೃಷ್ಟಿಯಿಂದಲೂ ಸರಿಯಲ್ಲ.

ಹೇಳುವ ಕ್ರಮ ಹೀಗಿರಲಿ: ಏನು ಕೆಟ್ಟಿದೆ, ಏನು ಬೇಕು, ಎಷ್ಟು ಹೊತ್ತಿನೊಳಗೆ ಬೇಕು. "ನಿಮ್ಮ ಹೋಟೆಲ್ ಸರಿಯಿಲ್ಲ" ಎಂದರೆ ರಿಸೆಪ್ಷನ್‌ನವರು ಕ್ಷಮಿಸಿ ಎನ್ನಬಲ್ಲರು, ಅಷ್ಟೇ. "ಬಿಸಿನೀರು ಬರುತ್ತಿಲ್ಲ, ಅರ್ಧ ಗಂಟೆಯಲ್ಲಿ ಸರಿಯಾಗದಿದ್ದರೆ ಬೇರೆ ರೂಮು ಕೊಡಿ" ಎಂದರೆ ಅವರಿಗೆ ಮಾಡಲು ಒಂದು ಕೆಲಸ ಸಿಗುತ್ತದೆ. ತಿಗಣೆಯ ಕಾರಣಕ್ಕೆ ರೂಮು ಬದಲಿಸುವುದಾದರೆ ಅಕ್ಕಪಕ್ಕದ, ನೇರ ಮೇಲಿನ, ನೇರ ಕೆಳಗಿನ ರೂಮು ಬೇಡವೆನ್ನಿ. ಗೋಡೆಯ ಬಿರುಕು, ವೈರಿನ ಪೈಪುಗಳ ಮೂಲಕ ಅವು ಹರಿದಾಡುತ್ತವೆ. ಫೋಟೊ ತೆಗೆಯಿರಿ, ಯಾರ ಹತ್ತಿರ ಎಷ್ಟು ಗಂಟೆಗೆ ಮಾತಾಡಿದಿರಿ ಎಂದು ಬರೆದುಕೊಳ್ಳಿ, ಅದೇ ಮಾತನ್ನು ಹೋಟೆಲಿನ ಆ್ಯಪ್‌ನಲ್ಲೋ ಇ-ಮೇಲ್‌ನಲ್ಲೋ ಒಂದು ಸಾಲು ಕಳಿಸಿ. ಬರಹದಲ್ಲಿ ಇಲ್ಲದ ದೂರು ಪಾಳಿ ಬದಲಾದ ಕೂಡಲೇ ಮಾಯವಾಗುತ್ತದೆ.

ಹಣ ವಾಪಸಿನ ವಿಷಯಕ್ಕೆ ಬಂದರೆ, ಜನ ಸೋಲುವುದು ಹೆಚ್ಚಾಗಿ ಬುಕಿಂಗ್ ಜಾಲತಾಣದ ಗಂಟಿನಲ್ಲಿ. ಜಾಲತಾಣಕ್ಕೆ ಮುಂಗಡ ಹಣ ಕಟ್ಟಿದ್ದರೆ ಅದು ಅವರ ಬಳಿ ಇರುತ್ತದೆ. ರಿಸೆಪ್ಷನ್‌ನವರು ಮನಸ್ಸು ಮಾಡಿದರೂ ನಿಮ್ಮ ಕಾರ್ಡಿಗೆ ಹಾಕಲಾರರು. ಜಾಲತಾಣದವರು ಹೋಟೆಲ್ ಒಪ್ಪದೆ ಕೊಡುವುದಿಲ್ಲ. ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸುತ್ತಾರೆ. ಇದಕ್ಕಿರುವ ದಾರಿ ರಿಸೆಪ್ಷನ್ ಮುಂದೆ ನಿಂತೇ ಜಾಲತಾಣಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಮ್ಯಾನೇಜರ್ ಬಾಯಿಂದ "ಈ ಬುಕಿಂಗಿಗೆ ನಾವು ಶುಲ್ಕ ಹಿಡಿಯುವುದಿಲ್ಲ" ಎಂದು ಹೇಳಿಸುವುದು. ಆಮೇಲೆ ಪ್ರಕರಣದ ಸಂಖ್ಯೆ ಕೇಳಿ ಪಡೆಯಿರಿ. ಕಾರ್ಡಿನ ಬ್ಯಾಂಕಿನಲ್ಲಿ ತಕರಾರು ಹಾಕುವುದು ಕೊನೆಯ ಮೆಟ್ಟಿಲು. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಅದಕ್ಕೆ ಸಾಮಾನ್ಯವಾಗಿ 120 ದಿನಗಳ ಗಡುವಿದೆ. ಮೊದಲು ಹೋಟೆಲನ್ನೇ ಕೇಳಿದ್ದಕ್ಕೆ ಪುರಾವೆ ಬೇಕಾಗುತ್ತದೆ. ಮೂರು ರಾತ್ರಿ ಪೂರಾ ಮಲಗಿ ಮೂರು ರಾತ್ರಿಯ ಹಣವನ್ನೂ ಕೇಳುವವರ ಪ್ರಕರಣ ಅಲ್ಲಿ ನಿಲ್ಲುವುದು ಕಷ್ಟ. ಬೇಡಿಕೆ ತೊಂದರೆಯ ಅಳತೆಗೆ ತಕ್ಕಂತಿರಬೇಕು: ಒಂದು ರಾತ್ರಿ ಬಿಸಿನೀರಿಲ್ಲದ್ದಕ್ಕೆ ಆ ರಾತ್ರಿಯ ಬಾಡಿಗೆಯಲ್ಲಿ ಒಂದು ಪಾಲು, ತಿಗಣೆಗೆ ಪೂರ್ತಿ ಬಾಡಿಗೆ ಮತ್ತು ಬಟ್ಟೆ ಒಗೆಸಿದ ಖರ್ಚು.

ಸರಣಿ ಹೋಟೆಲಿನಲ್ಲಿ ದೂರಿಗೆ ಬಿಡಿ ಲಾಡ್ಜಿನಲ್ಲಿ ಇಲ್ಲದ ಬಲವೊಂದಿದೆ. ಬೋರ್ಡಿನ ಮೇಲಿನ ಹೆಸರು ಒಬ್ಬರದು, ಎಷ್ಟೋ ಕಡೆ ಕಟ್ಟಡ ಇನ್ನೊಬ್ಬರದು. ಕಟ್ಟಡದ ಮಾಲೀಕ ರೂಮಿನ ಆದಾಯದಲ್ಲಿ ಪಾಲು ಕೊಟ್ಟು ಆ ಹೆಸರನ್ನು ಬಳಸುತ್ತಾನೆ, ಹೆಸರಿನವರು ಹಾಕಿದ ಮಟ್ಟವನ್ನು ಕಾಯಬೇಕಾಗುತ್ತದೆ, ತಪಾಸಣೆ ಎದುರಿಸಬೇಕಾಗುತ್ತದೆ. ಮಟ್ಟ ಕುಸಿದರೆ ಬೋರ್ಡು ಇಳಿಯಬಹುದು. ಸ್ಥಳದಲ್ಲಿ ಪರಿಹಾರ ಸಿಗದಿದ್ದಾಗ ಸರಣಿಯ ಮುಖ್ಯ ಗ್ರಾಹಕ ಸೇವೆಗೆ ಬರೆದರೆ ಅದು ಮಾಲೀಕನ ಮುಂದೆ ಗಡುವಿನ ಸಮೇತ ಹೋಗುತ್ತದೆ. ಗಡುವಿನೊಳಗೆ ಉತ್ತರಿಸದಿದ್ದರೆ ಅತಿಥಿಗೆ ತಾವೇ ಪರಿಹಾರ ಕೊಟ್ಟು ಹೋಟೆಲಿನ ಲೆಕ್ಕಕ್ಕೆ ಹಾಕುವ ಸರಣಿಗಳಿವೆ. ಹ್ಯಾಂಪ್ಟನ್ ಇನ್ ಸರಣಿ 1989ರಲ್ಲಿ ತೃಪ್ತಿಯಾಗದ ಅತಿಥಿ ಹಣ ಕೊಡಬೇಕಾಗಿಲ್ಲ ಎಂಬ ಖಾತರಿ ಕೊಟ್ಟಿತು. ದೂರು ಬಂದರೇ ಯಾವ ರೂಮಿನಲ್ಲಿ ಏನು ಕೆಟ್ಟಿದೆ ಎಂದು ತಮಗೆ ಗೊತ್ತಾಗುವುದು ಎಂಬ ಅರಿವು ಅಂಥ ಖಾತರಿಯ ಹಿಂದಿದೆ. ಹೇಳದೇ ಹೋದ ರೂಮು ರಿಪೇರಿಯ ಪಟ್ಟಿಗೆ ಸೇರುವುದಿಲ್ಲ; ಅದೇ ಸಂಜೆ ಇನ್ನೊಬ್ಬರಿಗೆ ಬಾಡಿಗೆಗೆ ಹೋಗುತ್ತದೆ.

ವಿರೋಧ: ಅಪಾಯವಿದ್ದರೆ ಹೇಳಿ, ಮಿಕ್ಕದ್ದಕ್ಕೆ ದೂರು ತಪ್ಪು ಆಯುಧ

ತಿಗಣೆ, ನಿಲ್ಲದ ಚಿಲಕ, ಶಾಕ್ ಹೊಡೆಯುವ ಸ್ವಿಚ್ಚು, ಬೀಗ ಹಾಕಿದ ತುರ್ತು ಬಾಗಿಲು, ಬೆಚ್ಚಗಾಗದ ನೀರು: ಇವುಗಳನ್ನು ಆ ಕ್ಷಣವೇ ಹೇಳಬೇಕೆಂಬುದರಲ್ಲಿ ತಕರಾರಿಲ್ಲ. ಆದರೆ ಜನ ಕೊಡುವ ದೂರುಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಟವೆಲ್ ತೆಳ್ಳಗಿದೆ, ಪಕ್ಕದ ರೂಮಿನ ಮಾತು ಕೇಳಿಸುತ್ತದೆ, ರಿಸೆಪ್ಷನ್‌ನಲ್ಲಿ ಕಾಯಿಸಿದರು, ಬಚ್ಚಲಲ್ಲಿ ಒಂದು ಕೂದಲಿತ್ತು, ರಾತ್ರಿ ಫೋನ್ ಎತ್ತಲಿಲ್ಲ. ಇವೆಲ್ಲ ಯಾರದೋ ಅಸಡ್ಡೆಯಿಂದ ಆದವೆಂದು ತಿಳಿದು ಎದುರಿಗೆ ಸಿಕ್ಕವರ ಮೇಲೆ ದೂರು ಹಾಕುವುದು ಅನ್ಯಾಯ.

ಅಗ್ಗದ ಸರಣಿಗಳು ಹುಟ್ಟಿದ್ದೇ ಕೆಲಸಗಾರರನ್ನೂ ಸೌಕರ್ಯವನ್ನೂ ಕಡಿಮೆ ಮಾಡುವ ಲೆಕ್ಕದ ಮೇಲೆ. ಫ್ರಾನ್ಸಿನಲ್ಲಿ 1980ರ ದಶಕದಲ್ಲಿ ಶುರುವಾದ ಫಾರ್ಮ್ಯೂಲ್ 1 ಶೌಚಾಲಯ, ಸ್ನಾನದ ಜಾಗಗಳನ್ನೇ ರೂಮಿನಿಂದ ಹೊರಗಿಟ್ಟು ಹಲವರಿಗೆ ಸೇರಿಸಿ ಕೊಟ್ಟಿತು. ರಿಸೆಪ್ಷನ್‌ನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕಾರ್ಡ್ ಹಾಕಿದರೆ ಯಂತ್ರ ರೂಮು ಕೊಡುತ್ತಿತ್ತು. ಅಷ್ಟು ದೂರ ಹೋಗದ ಸರಣಿಗಳಲ್ಲೂ ರಾತ್ರಿ ಇರುವುದು ಹೆಚ್ಚಾಗಿ ಒಬ್ಬರೇ. ಬಂದವರಿಗೆ ಕೀಲಿ ಕೊಡುವುದು, ಬಾಗಿಲು ಕಾಯುವುದು, ಫೋನ್ ಎತ್ತುವುದು, ನಡುರಾತ್ರಿಯ ನಂತರ ಆ ದಿನದ ಲೆಕ್ಕ ಮುಗಿಸಿ ಮರುದಿನಕ್ಕೆ ತಿರುಗಿಸುವುದು ಎಲ್ಲವೂ ಅವರದೇ. ಗೋಡೆ ದಪ್ಪ ಮಾಡುವ ಅಧಿಕಾರವಂತೂ ಇಲ್ಲ, ಬಾಡಿಗೆ ಇಳಿಸುವ ಅಧಿಕಾರವೂ ಬಹುತೇಕ ಇರುವುದಿಲ್ಲ.

ಬಚ್ಚಲಿನ ಆ ಕೂದಲಿನ ಲೆಕ್ಕವನ್ನೇ ನೋಡೋಣ. ಹೌಸ್‌ಕೀಪಿಂಗ್‌ನವರ ಪಾಳಿ ಎಂಟು ಗಂಟೆ, ಅಂದರೆ 480 ನಿಮಿಷ. ಒಬ್ಬರ ಪಾಲಿಗೆ 16 ರೂಮು ಬಂದರೆ ರೂಮಿಗೆ 30 ನಿಮಿಷ ಎನಿಸುತ್ತದೆ. ಊಟ, ವಿರಾಮ, ತಳ್ಳುಗಾಡಿ ತುಂಬಿಸುವುದು, ಕೊಳೆ ಬಟ್ಟೆ ಇಳಿಸುವುದು, ಮಹಡಿಯಿಂದ ಮಹಡಿಗೆ ಲಿಫ್ಟಿಗೆ ಕಾಯುವುದು ಸೇರಿ ಒಂದೂವರೆ ಗಂಟೆ ಕಳೆದರೆ 390 ನಿಮಿಷ, ರೂಮಿಗೆ 24. ಅದರಲ್ಲೂ ಅತಿಥಿಗಳು ಹೊರಡುವುದು ಹನ್ನೊಂದರ ಸುಮಾರಿಗೆ, ಹೊಸಬರು ಬರುವುದು ಎರಡು ಮೂರಕ್ಕೆ. ಖಾಲಿಯಾದ ರೂಮುಗಳೆಲ್ಲ ಆ ಮೂರು ನಾಲ್ಕು ಗಂಟೆಯೊಳಗೇ ತಯಾರಾಗಬೇಕು. ಬೆಡ್‌ಶೀಟು, ದಿಂಬಿನ ಗವಸು ತೆಗೆದು ಹೊಸತು ಹಾಸುವುದಕ್ಕೇ ಆರೇಳು ನಿಮಿಷ. ಕಮೋಡು, ಬೇಸಿನ್ನು, ಗಾಜು, ನೆಲ ಒರೆಸುವುದಕ್ಕೆ ಇನ್ನೊಂದು ಹತ್ತು. ಕಸ, ಟವೆಲ್, ಸೋಪು, ಧೂಳು, ವ್ಯಾಕ್ಯೂಮ್ ಉಳಿದ ಏಳೆಂಟು ನಿಮಿಷದಲ್ಲಿ. ಹಿಂದಿನ ಅತಿಥಿ ರೂಮು ಗಲೀಜು ಮಾಡಿ ಹೋಗಿದ್ದರೆ ಆ ಹೆಚ್ಚಿನ ಹೊತ್ತು ಮುಂದಿನ ರೂಮಿನ ಪಾಲಿನಿಂದ ಹೋಗುತ್ತದೆ. ಬಿಳಿ ಟೈಲ್ಸ್ ಮೇಲಿನ ಒದ್ದೆ ಕೂದಲು ಬಟ್ಟೆಯಲ್ಲಿ ಒರೆಸಿದಷ್ಟೂ ಸರಿದು ಇನ್ನೊಂದು ಮೂಲೆಗೆ ಅಂಟಿಕೊಳ್ಳುವ ವಸ್ತು. ಈ ದೂರು 16 ಎಂಬ ಸಂಖ್ಯೆ ಹಾಕಿದವರನ್ನು ತಲುಪುವುದಿಲ್ಲ. ಆ ದಿನದ ಹಾಳೆಯಲ್ಲಿ ರೂಮಿನ ಎದುರು ಯಾರ ಹೆಸರಿದೆಯೋ ಅವರನ್ನು ತಲುಪುತ್ತದೆ. ರೂಮಿಗಿಷ್ಟು ಎಂದು ಕೂಲಿ ಕೊಡುವಲ್ಲಿ, ಮತ್ತೆ ಹೋಗಿ ಒರೆಸಿದ್ದಕ್ಕೆ ಬೇರೆ ಕೂಲಿಯಿಲ್ಲ.

ಅಂಕಗಳ ಕಥೆಯೂ ಹೀಗೆಯೇ. ಹೊರಟ ಮೇಲೆ ಬರುವ ಸಮೀಕ್ಷೆಯಲ್ಲಿ ಹತ್ತಕ್ಕೆ ಏಳು ಕೊಟ್ಟವರು ಪರವಾಗಿಲ್ಲ ಎಂದು ಹೇಳಿದೆವು ಅಂದುಕೊಳ್ಳುತ್ತಾರೆ. ಒಂಬತ್ತು ಹತ್ತನ್ನು ಮಾತ್ರ ಒಳ್ಳೆಯದೆಂದು ಎಣಿಸುವ ಪದ್ಧತಿ ಹಲವು ಕಡೆ ಇದೆ. ಅಲ್ಲಿ ಏಳು ಎಂದರೆ ಸಿಬ್ಬಂದಿಯ ಮೇಲೆ ಬಿದ್ದ ಕಪ್ಪು ಗುರುತು.

ಸಿಗುವ ಪರಿಹಾರವಾದರೂ ಏನು? ಅನೇಕ ಸಲ ಅದೇ ಸರಣಿಯ ಪಾಯಿಂಟು, ಮುಂದಿನ ಬುಕಿಂಗಿಗೆ ರಿಯಾಯಿತಿ ಕೂಪನ್ನು. ಅಂದರೆ ಬೇಸರವಾದ ಜಾಗಕ್ಕೇ ಮತ್ತೆ ಹಣ ತೆಗೆದುಕೊಂಡು ಹೋಗಬೇಕು. ಅದಕ್ಕಾಗಿ ಫೋನಿನಲ್ಲಿ ಕಳೆದ ಗಂಟೆಗಳನ್ನು ಯಾರೂ ಹಿಂತಿರುಗಿಸುವುದಿಲ್ಲ. 1989ರ ಆ ಖಾತರಿಯನ್ನು ಪರ ವಾದಿಸುವವರು ನೆನೆಯುತ್ತಾರೆ. ಅಂಥದ್ದು ಫಲ ಕೊಡುವುದು ಎದುರಿಗಿರುವ ನೌಕರ ಯಾರನ್ನೂ ಕೇಳದೆ ಹಣ ಬಿಟ್ಟುಕೊಡಬಹುದಾದಾಗ. ಆ ಅಧಿಕಾರ ಕೊಟ್ಟ ಸರಣಿ ಯಾವುದೆಂದು ಬುಕ್ ಮಾಡುವ ಮೊದಲೇ ಅದರ ಷರತ್ತಿನ ಪುಟ ಓದಿ ತಿಳಿದುಕೊಳ್ಳುವುದು ಆಮೇಲೆ ದೂರುವುದಕ್ಕಿಂತ ಎಷ್ಟೋ ಮೇಲು.

ಆ ಶ್ರಮವನ್ನು ಮುಂಚೆಯೇ ಹಾಕಿದರೆ ಬಹುಪಾಲು ತೊಂದರೆ ಹುಟ್ಟುವುದೇ ಇಲ್ಲ. ವಿಮರ್ಶೆಗಳನ್ನು ಹೊಸತರಿಂದ ಹಳೆಯದಕ್ಕೆ ಜೋಡಿಸಿ ಕಳೆದ ಮೂರು ತಿಂಗಳಿನವನ್ನು ಮಾತ್ರ ಓದಿ. ಮಾಲೀಕರೋ ಮ್ಯಾನೇಜರೋ ಬದಲಾದರೆ ಹಳೆಯ ಸರಾಸರಿಗೆ ಬೆಲೆಯಿಲ್ಲ. ಒಬ್ಬರ ಸಿಟ್ಟನ್ನು ಬಿಟ್ಟು, ಬೇರೆ ಬೇರೆಯವರು ಒಂದೇ ಮಾತು ಹೇಳುತ್ತಿದ್ದಾರೆಯೇ ನೋಡಿ. ನಾಲ್ಕು ರಾತ್ರಿ ಬೇಕಿದ್ದರೂ, ಹಬ್ಬ ಜಾತ್ರೆಗಳ ದಟ್ಟಣೆ ಇಲ್ಲದಿದ್ದರೆ, ಮೊದಲ ರಾತ್ರಿಗೆ ಮಾತ್ರ ಬುಕ್ ಮಾಡಿ, ಸರಿ ಎನಿಸಿದರೆ ಮುಂದುವರಿಸಿ. ರದ್ದು ಮಾಡಲಾಗದ ದರಕ್ಕೂ ರದ್ದು ಮಾಡಬಹುದಾದ ದರಕ್ಕೂ ಇರುವ ವ್ಯತ್ಯಾಸವನ್ನು ಕೊಟ್ಟುಬಿಡಿ. ಎದ್ದು ಹೊರಡುವ ಸ್ವಾತಂತ್ರ್ಯ ಕೈಯಲ್ಲಿದ್ದರೆ ಯಾರ ಹತ್ತಿರವೂ ವಾದಿಸಬೇಕಿಲ್ಲ, ಮತ್ತು ಖಾಲಿ ಬಿದ್ದ ರೂಮು ಮಾಲೀಕನಿಗೆ ಯಾವ ಪತ್ರಕ್ಕಿಂತಲೂ ಬೇಗ ಅರ್ಥವಾಗುತ್ತದೆ.

ಸದ್ದಿನ ವಿಷಯದಲ್ಲಂತೂ ದೂರು ನಿಷ್ಪ್ರಯೋಜಕ, ಏಕೆಂದರೆ ಅದು ಕಟ್ಟಡದ ಗುಣ. ಬುಕ್ ಮಾಡಿದ ಮೇಲೆ ಹೋಟೆಲಿಗೇ ಫೋನ್ ಮಾಡಿ ಮೇಲಿನ ಮಹಡಿಯಲ್ಲಿ, ಲಿಫ್ಟಿನಿಂದ ದೂರ, ಪಕ್ಕದ ರೂಮಿಗೆ ನಡುಬಾಗಿಲು ಇಲ್ಲದ ರೂಮು ಕೇಳಿ; ಸದ್ದು ನುಗ್ಗುವುದು ಗೋಡೆಗಿಂತ ಆ ನಡುಬಾಗಿಲಿನ ಸಂದಿಯಿಂದಲೇ ಹೆಚ್ಚು. ಕಿಟಕಿಯ ಕೆಳಗೆ ಕೂರಿಸಿದ ಏಸಿಯಲ್ಲಿ ಫ್ಯಾನನ್ನು ಆಟೋದಿಂದ ಸತತಕ್ಕೆ ತಿರುಗಿಸಿ. ಎಚ್ಚರವಾಗಿಸುವುದು ಯಂತ್ರ ನಿಂತು ಮತ್ತೆ ಶುರುವಾಗುವಾಗಿನ ಬದಲಾವಣೆ. ಒಂದೇ ಸಮನೆಯ ಗುಂಯ್ ಸದ್ದು ಹೊರಗಿನ ಮಾತನ್ನೂ ಮುಚ್ಚುತ್ತದೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಎಲ್ಲರೂ ಒಟ್ಟಿಗೆ ಸ್ನಾನ ಮಾಡುವಾಗ ಬಿಸಿನೀರಿನ ಟ್ಯಾಂಕು ಸೋಲುತ್ತದೆ, ಆರೂವರೆಗೆ ಮುಗಿಸಿಕೊಂಡರೆ ಆ ತಾಪತ್ರಯವಿಲ್ಲ.

ಹೊರಟ ಮೇಲೆ ಬರೆಯಲೇಬೇಕೆನಿಸಿದರೆ ಮುಂದೆ ಬರುವವರಿಗೆ ಉಪಯೋಗವಾಗುವಂತೆ ಬರೆಯಿರಿ: ಯಾವ ತಿಂಗಳು ಇದ್ದಿರಿ, ಯಾವ ಮಹಡಿ, ಕಿಟಕಿ ರಸ್ತೆಯ ಕಡೆಗೋ ಹಿಂಬದಿಗೋ, ಬಿಸಿನೀರು ಎಷ್ಟು ಹೊತ್ತಿಗೆ ಬಂತು, ಲಿಫ್ಟು ನಡೆಯುತ್ತಿತ್ತೇ. ನೆಲ ಒರೆಸಿದವರ, ಕೀಲಿ ಕೊಟ್ಟವರ ಹೆಸರು ಅದರಲ್ಲಿ ಬೇಡ. ಹೊಗಳುವುದಿದ್ದರೆ ಮಾತ್ರ ಹೆಸರು ಹಾಕಿ.