ಸುತ್ತು ಸರಿಯಾಗಿದೆ, ತೊಡಕಿರುವುದು ಕೊನೆಯಲ್ಲಿ

ಕಾಲಪ್ರಯಾಣದ ಕಥೆಯಿರುವ ಜರ್ಮನ್ ಸೀರೀಸ್ ‘ಡಾರ್ಕ್’ನಲ್ಲಿ ಷಾರ್ಲೊಟ್ ಮತ್ತು ಎಲಿಸಬೆತ್ ಒಬ್ಬರಿಗೊಬ್ಬರು ತಾಯಿಯೂ ಮಗಳೂ ಆಗಿರುವುದು ತಪ್ಪು ಲಾಜಿಕ್ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆ ಸುತ್ತು ವಿಚಿತ್ರ ನಿಜ, ಆದರೆ ಅಲ್ಲಿ ಒಂದು ಘಟನೆ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ನಿಜವಾದ ತೊಡಕು 2020ರ ಮೂರನೇ ಸೀಸನ್‌ನ ಕೊನೆಯಲ್ಲಿದೆ. ಕಥೆಯ ನಾಯಕ ಯೋನಾಸ್, ಇನ್ನೊಂದು ಲೋಕದ ಮಾರ್ಥಾ ಸೇರಿ ಮೂಲ ಲೋಕದ ಒಂದು ಕಾರು ಅಪಘಾತ ತಪ್ಪಿಸುತ್ತಾರೆ. ಆ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವನು ಕಟ್ಟಿದ ಕಾಲಯಂತ್ರದಿಂದಲೇ ಇವರಿಬ್ಬರ ಲೋಕಗಳು ಹುಟ್ಟಿದ್ದು. ಅಪಘಾತ ತಪ್ಪಿದ್ದರಿಂದ ಆ ಲೋಕಗಳೇ ಹುಟ್ಟುವುದಿಲ್ಲ, ಅವರೂ ಇಲ್ಲವಾಗುತ್ತಾರೆ. ಹಾಗಾದರೆ ಆ ಕಾರನ್ನು ತಡೆದವರು ಯಾರು?

ಮೊನ್ನೆ ಮಳೆಗೆ ಕರೆಂಟು ಹೋದಾಗ ಮಂಜೇಶ್ವರದ ನಮ್ಮ ಮನೆ ಜಗಲಿಯಲ್ಲಿ ತಮ್ಮನ ಜೊತೆ ಇದೇ ವಾದ. ಕಾಲ ಒಂದು ಕ್ಷಣ ನಿಲ್ಲುತ್ತದೆ, ಆಗ ಬದಲಾಯಿಸಬಹುದು ಅಂತ ಕಥೆಯಲ್ಲೇ ಹೇಳಿದ್ದಾರಲ್ವಾ ಎಂದ. ದಾರಿ ಹೇಗೆ ತೆರೆಯಿತು ಎಂಬುದಕ್ಕೆ ಅದು ಉತ್ತರ, ನನ್ನ ಪ್ರಶ್ನೆಗಲ್ಲ.

ಆದರೂ ಅವರಿಬ್ಬರು ಕರಗಿಹೋಗುವ ದೃಶ್ಯ ನೋಡಿ ತುಂಬಾ ಅತ್ತಿದ್ದೇನೆ.